ಪಕ್ಕದ ಮನೆಯ ಬೆಳಕು

ದಾವಣಗೆರೆಯಲ್ಲಿ ನಾನು ಬಾಡಿಗೆಗಿರುವ ಕೋಣೆಗೆ ಒಂದೇ ಕಿಟಕಿ. ಎದುರಿನ ಸೈಟು ವರ್ಷಗಟ್ಟಲೆ ಖಾಲಿ ಬಿದ್ದಿತ್ತು. ಹೋದ ವರ್ಷ ಅಲ್ಲೊಂದು ಎರಡಂತಸ್ತಿನ ಮನೆ ಎದ್ದಿತು. ಗೃಹಪ್ರವೇಶಕ್ಕೆ ಓಣಿಯವರನ್ನೆಲ್ಲ ಕರೆದಿದ್ದರು. ನಾನೂ ಹೋಗಿ ಹೋಳಿಗೆ ಉಂಡು ಬಂದೆ. ಅದಾದ ವಾರಕ್ಕೆ ಅವರ ಮೇಲಂತಸ್ತಿನ ಗೋಡೆಗೆ ಒಂದು ಫೋಕಸ್ ಲೈಟ್ ಬಂತು. ಸಂಜೆ ಆರೂವರೆಗೆ ಹತ್ತಿದರೆ ಬೆಳಗ್ಗೆ ಹಾಲಿನವನು ಬರುವವರೆಗೂ ಉರಿಯುತ್ತದೆ. ಅದರ ಮುಖ ಇರುವುದು ಅವರ ಗೇಟಿನ ಕಡೆಗಲ್ಲ, ರಸ್ತೆ ದಾಟಿ ನನ್ನ ಕಿಟಕಿಯ ಕಡೆಗೆ. ನಡುರಾತ್ರಿ ಎಚ್ಚರವಾದರೆ ರ್‍ಯಾಕಿನಲ್ಲಿರುವ ಪುಸ್ತಕಗಳ ಹೆಸರನ್ನು ಮಲಗಿದಲ್ಲಿಂದಲೇ ಓದಬಹುದು.

ಕಿಟಕಿಗೆ ದಪ್ಪ ಪರದೆ ಹಾಕಿದೆ. ಏಪ್ರಿಲ್ ತಿಂಗಳಲ್ಲಿ ದಾವಣಗೆರೆಯ ಸೆಕೆ ಗೊತ್ತಿದ್ದವರಿಗೆ ಆ ಪರದೆ ಎಷ್ಟು ದಿನ ಉಳಿಯಿತೆಂದು ಹೇಳಬೇಕಾಗಿಲ್ಲ. ಮಂಚವನ್ನು ಈ ಗೋಡೆಯಿಂದ ಆ ಗೋಡೆಗೆ ಎಳೆದೆ. ಗಾಜಿಗೆ ಹಳೆ ಪೇಪರ್ ಅಂಟಿಸಿದೆ. ಇಷ್ಟೆಲ್ಲ ಮಾಡಿದವಳು ಮಾಡದೇ ಉಳಿದದ್ದು ಒಂದೇ: ರಸ್ತೆ ದಾಟಿ ಹೋಗಿ, "ಅಂಕಲ್, ಆ ಲೈಟ್ ಸ್ವಲ್ಪ ಕೆಳಗೆ ತಿರುಗಿಸ್ತೀರಾ?" ಎಂದು ಕೇಳುವುದು. ಯಾಕೆ ಕೇಳಲಿಲ್ಲ ಎಂಬ ಪ್ರಶ್ನೆಯಿಂದಲೇ ಈ ಬರಹ ಹುಟ್ಟಿತು.

ಅವರು ರಾತ್ರಿ ಹನ್ನೊಂದಕ್ಕೆ ಮೈಕ್ ಹಾಕಿದ್ದರೆ ನಾನು ಹೋಗುತ್ತಿದ್ದೆ. ಅವರ ಮನೆಯ ಕೊಳೆನೀರು ನಮ್ಮ ಬಾಗಿಲಿಗೆ ಹರಿದಿದ್ದರೆ ಓಣಿಯೇ ಹೋಗುತ್ತಿತ್ತು. ಆದರೆ ಬೆಳಕಿನ ವಿಷಯಕ್ಕೆ ಏನೆಂದು ಹೇಳುವುದು? "ನಿಮ್ಮ ಮನೆಯ ಬೆಳಕು ನಮ್ಮ ಮನೆಗೆ ಬರ್ತಾ ಇದೆ" ಎಂದರೆ ಅದು ದೂರಿನಂತೆ ಕೇಳುವುದಿಲ್ಲ, ಹರಕೆಯಂತೆ ಕೇಳುತ್ತದೆ. ನಮ್ಮ ಮಾತಿನಲ್ಲಿ ಬೆಳಕಿಗೆ ಕೆಟ್ಟ ಅರ್ಥವೇ ಇಲ್ಲ. ಸೊಸೆ ಮನೆ ಬೆಳಗುತ್ತಾಳೆ, ಮಗ ವಂಶ ಬೆಳಗುತ್ತಾನೆ, ಓದಿದವರು ಊರಿಗೆ ಬೆಳಕಾಗುತ್ತಾರೆ. ಕೆಟ್ಟದ್ದೆಲ್ಲ ಕತ್ತಲೆಯ ಪಾಲಿಗೆ. ಅಜ್ಜಿಯಂದಿರು ದೀಪ ಆರಿಸು ಎಂದು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ದೀಪ ಶಾಂತ ಮಾಡು ಎನ್ನುತ್ತಿದ್ದರು. ಅಪಶಕುನ ತಪ್ಪಿಸಲು ಹುಟ್ಟಿದ ಮಾತು ಅದು. ಆದರೆ ಈಗ ಯೋಚಿಸಿದರೆ ಅದರಲ್ಲಿ ಬೇರೊಂದು ತಿಳಿವಳಿಕೆಯೂ ಇತ್ತೆನಿಸುತ್ತದೆ. ದೀಪಕ್ಕೂ ಶಾಂತವಾಗುವ ಒಂದು ಹೊತ್ತಿದೆ, ಹಾಗೆ ಶಾಂತವಾದಾಗ ಅದು ಸತ್ತಂತಲ್ಲ.

ನಾನು ಸಂಶೋಧನೆ ಮಾಡುತ್ತಿರುವುದು ಸ್ಥಳೀಯ ಸಂಸ್ಥೆಗಳ ನಿಯಮಗಳ ಕುರಿತು. ನಿದ್ದೆ ಬಾರದ ಸಂಶೋಧಕಿ ಮಾಡುವುದನ್ನೇ ಮಾಡಿದೆ, ಕಾಯ್ದೆಯ ಪುಸ್ತಕ ಹಿಡಿದೆ. ಸದ್ದಿನ ವಿಷಯದಲ್ಲಿ ನಮ್ಮ ಕಾನೂನು ಸ್ಪಷ್ಟವಾಗಿದೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ ಎಂದರೆ 10ರಿಂದ ಬೆಳಗ್ಗೆ 6ರವರೆಗೆ. ಬೆಳಕಿಗೆ ಇಂಥ ಅಂಕಿ ಇಲ್ಲ. 1986ರ ಪರಿಸರ ಸಂರಕ್ಷಣಾ ಕಾಯ್ದೆಯು ಮಾಲಿನ್ಯಕಾರಕ ಎಂದು ಕರೆಯುವುದು ಘನ, ದ್ರವ ಅಥವಾ ಅನಿಲ ರೂಪದ ವಸ್ತುವನ್ನು. ಬೆಳಕು ಈ ಮೂರರಲ್ಲಿ ಯಾವುದೂ ಅಲ್ಲ. ಸದ್ದು ಕೂಡ ಅಲ್ಲವಲ್ಲ ಎಂದು ನೀವು ಕೇಳಬಹುದು. ನಿಜ. ಅದಕ್ಕಾಗಿಯೇ 1981ರ ವಾಯು ಮಾಲಿನ್ಯ ಕಾಯ್ದೆಗೆ 1987ರಲ್ಲಿ ತಿದ್ದುಪಡಿ ತಂದು ವಾಯು ಮಾಲಿನ್ಯಕಾರಕದ ವ್ಯಾಖ್ಯೆಯೊಳಗೆ ಸದ್ದನ್ನೂ ಸೇರಿಸಿದರು. ಕಾನೂನು ಕಲಿಯಬಲ್ಲದು ಎಂಬುದಕ್ಕೆ ಅದೊಂದು ಸಾಕ್ಷಿ. ಬೆಳಕಿನ ಪಾಠಕ್ಕೆ ಅದಿನ್ನೂ ಕೂತಿಲ್ಲ.

ಇದಕ್ಕಿಂತ ಸ್ವಾರಸ್ಯದ್ದು 1882ರ ಈಸ್‌ಮೆಂಟ್ ಕಾಯ್ದೆ. ಒಂದು ಕಟ್ಟಡಕ್ಕೆ 20 ವರ್ಷ ಅಡೆತಡೆಯಿಲ್ಲದೆ ಹಕ್ಕಿನಂತೆ ಬರುತ್ತಿದ್ದ ಗಾಳಿ ಬೆಳಕನ್ನು ಪಕ್ಕದವರು ಗೋಡೆ ಎಬ್ಬಿಸಿ ತಡೆಯುವಂತಿಲ್ಲ ಎನ್ನುತ್ತದೆ ಅದು. ಅಂದರೆ ನೆರೆಯವರು ನನ್ನ ಬೆಳಕನ್ನು ಕಿತ್ತುಕೊಂಡರೆ ಅದು ಅನ್ಯಾಯವೆಂದು ಸುಮಾರು ಒಂದೂವರೆ ಶತಮಾನದ ಹಿಂದೆಯೇ ಕಾನೂನಿಗೆ ಹೊಳೆದಿತ್ತು. ನೆರೆಯವರು ನನ್ನ ಕತ್ತಲೆಯನ್ನು ಕಿತ್ತುಕೊಳ್ಳಬಹುದು ಎಂಬುದು ಹೊಳೆದಿರಲಿಲ್ಲ. ಹೊಳೆಯಬೇಕಾದ ಕಾರಣವೂ ಇರಲಿಲ್ಲ. ಸೀಮೆಎಣ್ಣೆ ಬುಡ್ಡಿ ಯಾರ ಕತ್ತಲೆಯನ್ನೂ ಕಿತ್ತುಕೊಳ್ಳುವಷ್ಟು ಬಲವಾಗಿರಲಿಲ್ಲ.

ಸಾರ್ವಜನಿಕ ಉಪದ್ರವದ ಬಗ್ಗೆ ಒಂದು ದಾರಿ ಇದೆ. ಅಂಥ ಉಪದ್ರವವನ್ನು ತೆಗೆದುಹಾಕಲು ಮ್ಯಾಜಿಸ್ಟ್ರೇಟರು ಆದೇಶಿಸಬಹುದು. ಆದರೆ ಒಂದು ಕೋಣೆಯ ಒಂದು ಕಿಟಕಿಗೆ ಬೀಳುವ ಬೆಳಕು ಸಾರ್ವಜನಿಕವೇ? ಉಳಿದದ್ದು ಸಿವಿಲ್ ದಾವೆ. ಒಂದು ಬಲ್ಬಿಗಾಗಿ ಕೋರ್ಟಿಗೆ ಹೋದವಳು ಎಂದು ಹೆಸರಾದ ಮೇಲೆ ಆ ಓಣಿಯಲ್ಲಿ ಬಾಡಿಗೆಗಿರುವುದು ಹೇಗೆ? ಒಂದು ಕಚೇರಿಯಲ್ಲಿ ಈ ವಿಷಯ ಸುಮ್ಮನೆ ಕೇಳಿ ನೋಡಿದೆ. ಅಲ್ಲಿದ್ದವರು ನಕ್ಕು, "ಮೇಡಂ, ಬೀದಿದೀಪ ಹತ್ತಿಲ್ಲ ಅಂತ ದಿನಾ ಜನ ಬರ್ತಾರೆ. ಹತ್ತೈತಿ ಅಂತ ಬಂದೋರು ನೀವೇ ಮೊದಲು" ಎಂದರು. ಅವರ ಮಾತಿನಲ್ಲಿ ಕುಹಕವಿರಲಿಲ್ಲ. ಇದ್ದದ್ದು ಇದ್ದಂತೆ ಹೇಳಿದರು.

ಆ ಮಾತು ನನ್ನನ್ನು ಸ್ವಲ್ಪ ನಾಚಿಸಿತು. ಕತ್ತಲೆಯನ್ನು ಹೊಗಳುವ ಅಧಿಕಾರ ಯಾರಿಗಿದೆ? 1905ರಲ್ಲಿ ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿನ ಬೀದಿದೀಪಗಳನ್ನು ಹೊತ್ತಿಸಿತು ಎಂಬುದನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಆದರೆ ದೀಪದ ಕಂಬಗಳು ಎಲ್ಲ ಕಡೆಗೂ ಒಟ್ಟಿಗೆ ನಡೆದು ಬರಲಿಲ್ಲ. ಪೇಟೆಗೆ ಮೊದಲು ಬಂದವು, ಹಳ್ಳಿಗೆ ಆಮೇಲೆ. ಹಳ್ಳಿಯೊಳಗೂ ಊರಿಗೆ ಮೊದಲು, ಕೇರಿಗೆ ಕೊನೆಗೆ. ಕಂಬ ಬಾರದ ಕೇರಿಯಲ್ಲಿ ಹಾವು ತುಳಿದವರಿಗೆ, ಬುಡ್ಡಿ ಹೊಗೆಯಲ್ಲಿ ಓದಿ ಕಣ್ಣು ಉರಿಸಿಕೊಂಡವರಿಗೆ ಕತ್ತಲೆಯ ಸೊಬಗಿನ ಬಗ್ಗೆ ಉಪದೇಶ ಮಾಡಲು ನನಗೆ ಮುಖವಿಲ್ಲ. ಅವರಿಗೆ ಕತ್ತಲೆ ಬಯಸಿ ಪಡೆದದ್ದಲ್ಲ, ಬೇರೆಯವರು ಹೊರಿಸಿದ್ದು.

ನನ್ನ ಕಥೆಯೂ ಅಷ್ಟು ಸರಳವಲ್ಲ. ವಿಶ್ವವಿದ್ಯಾನಿಲಯ ಇರುವುದು ಊರ ಹೊರಗೆ, ತೋಳಹುಣಸೆಯಲ್ಲಿ. ಗ್ರಂಥಾಲಯ ಮುಗಿಸಿ ಬಸ್ಸಿಳಿದು ಓಣಿ ಸೇರುವಾಗ ಕೆಲವು ದಿನ ಒಂಬತ್ತಾಗುತ್ತದೆ. ತಿರುವಿನಲ್ಲಿ ಎರಡು ಕಂಬದ ದೀಪ ಸದಾ ಕೆಟ್ಟಿರುತ್ತವೆ. ಆ ತಿರುವು ದಾಟುವಾಗ ನಾನು ಹೆಜ್ಜೆ ಬಿರುಸು ಮಾಡುತ್ತೇನೆ, ಕೈಯಲ್ಲಿ ಬೀಗದ ಕೈ ಹಿಡಿದಿರುತ್ತೇನೆ. ತಿರುವು ದಾಟಿದ ಕೂಡಲೇ ಕಾಣುವುದು ಅದೇ ಫೋಕಸ್ ಲೈಟು. ಕಂಡ ಕೂಡಲೇ ಉಸಿರು ಹಗುರಾಗುತ್ತದೆ. ಒಂಬತ್ತು ಗಂಟೆಗೆ ನನಗೆ ಅಭಯ ಕೊಟ್ಟ ಬೆಳಕೇ ಒಂದು ಗಂಟೆಗೆ ನನ್ನನ್ನು ಎಬ್ಬಿಸುತ್ತದೆ. ಹೀಗಿರುವಾಗ ಎದುರುಮನೆಯವರ ಮುಂದೆ ಯಾವ ಮುಖ ಇಟ್ಟುಕೊಂಡು ನಿಲ್ಲಲಿ?

ಇಷ್ಟಕ್ಕೇ ನಿಂತಿದ್ದರೆ ಇದು ಒಬ್ಬ ಬಾಡಿಗೆದಾರಳ ಅಳಲಾಗಿ ಮುಗಿಯುತ್ತಿತ್ತು. ಆದರೆ ನಮ್ಮ ಸ್ವಂತ ಮನೆ ಇರುವುದು ಹರಿಹರದಲ್ಲಿ, ಇಲ್ಲಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಅಪ್ಪ ತೀರಿಕೊಂಡ ಮೇಲೆ ಅಲ್ಲಿ ಅಮ್ಮ ಒಬ್ಬಳೇ. ಎರಡು ವರ್ಷದ ಹಿಂದೆ ನಮ್ಮ ಬೀದಿಯಲ್ಲಿ ಒಂದು ಕಳ್ಳತನವಾಯಿತು. ಅಮ್ಮ ಫೋನಿನಲ್ಲಿ, "ರಾತ್ರಿ ಬೆಕ್ಕು ಹಾರಿದ್ರೂ ಎದ್ದು ಕೂರ್ತೀನಿ ಕಣೆ" ಎಂದಳು. ಆ ಭಾನುವಾರವೇ ಹೋಗಿ ಹಿತ್ತಲ ಗೋಡೆಗೆ 50 ವ್ಯಾಟಿನ ಎಲ್‌ಇಡಿ ಫೋಕಸ್ ಲೈಟ್ ಹಾಕಿಸಿ ಬಂದೆ. ನನ್ನ ಫೆಲೋಶಿಪ್ ಹಣದಲ್ಲಿ ತಂದದ್ದು. ಎಲೆಕ್ಟ್ರಿಷಿಯನ್ "ಯಾವ ಕಡೆ ತಿರುಗಿಸ್ಲಿ ಅಕ್ಕ?" ಎಂದು ಕೇಳಿದ. "ಎಲ್ಲ ಕಡೆಗೂ ಬೀಳೋ ಹಂಗೆ ಇಡಪ್ಪ" ಎಂದೆ. ಆ ಮಾತು ನನಗೆ ಚೆನ್ನಾಗಿ ನೆನಪಿದೆ.

ಈ ಬೇಸಿಗೆ ದಾವಣಗೆರೆಯ ನಿದ್ದೆಗೇಡಿನಿಂದ ಬೇಸತ್ತು ವಾರಕ್ಕೆಂದು ಊರಿಗೆ ಹೋದಾಗ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಪಕ್ಕದ ಮನೆ ಅಜ್ಜಿಯ ಕೋಣೆಯ ಕಿಟಕಿಗೆ ಹಳೆಯ ಸೀರೆಯೊಂದನ್ನು ನಾಲ್ಕು ಮಡಿಕೆ ಮಾಡಿ ಮೊಳೆ ಹೊಡೆದಿದ್ದು ಕಾಣಿಸಿತು. ಎದೆ ಝಲ್ ಎಂದಿತು. ನನ್ನ ಕೋಣೆಯ ಪೇಪರ್ ಅಂಟಿಸಿದ ಗಾಜು ನೆನಪಾಯಿತು. ಆ ಅಜ್ಜಿ ಹಿಂದೆಲ್ಲ ಬೇಸಿಗೆಯಲ್ಲಿ ಹಿತ್ತಲ ಕಟ್ಟೆಯ ಮೇಲೆ ಚಾಪೆ ಹಾಸಿ ಮಲಗುತ್ತಿದ್ದರು. ಚಿಕ್ಕಂದಿನಲ್ಲಿ ನಾನೂ ಅವರ ಪಕ್ಕ ಮಲಗಿ ನಕ್ಷತ್ರ ಎಣಿಸಿದ್ದೇನೆ. ಕಟ್ಟೆಯ ಮೇಲೆ ಈಗ ಚಾಪೆಯಿರಲಿಲ್ಲ, ಒಣಗಿದ ಎಲೆ ಬಿದ್ದಿದ್ದವು.

"ಅಜ್ಜಿ, ಲೈಟಿಂದ ತೊಂದ್ರೆ ಆಗ್ತಿತ್ತಾ? ಹೇಳಬಾರದಿತ್ತಾ?" ಎಂದು ಕೇಳಿದೆ.

"ಹೇಳೋದೇನೈತಿ ಮಗಾ. ನಿಮ್ಮವ್ವ ಒಬ್ಬಾಕಿ ಇರ್ತಾಳಲ್ಲ. ಅದು ಉರೀತಿದ್ರ ಆಕಿಗೂ ಧೈರ್ಯ, ನನಗೂ ಆಕಿ ಅದಾಳ ಅಂತ ಗೊತ್ತಾಗ್ತೈತಿ" ಎಂದರು.

ಎರಡು ವರ್ಷ ಆ ಮುದುಕಿ ನನ್ನ ಬೆಳಕನ್ನು ಸಹಿಸಿಕೊಂಡಿದ್ದರು. ದೂರು ಕೊಡಲಿಲ್ಲ, ಅಮ್ಮನ ಬಳಿ ಮಾತೂ ಎತ್ತಲಿಲ್ಲ. ನನಗೆ ದಾವಣಗೆರೆಯಲ್ಲಿ ಎದುರುಮನೆಯವರ ಮೇಲಿದ್ದ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಅವರೂ ನನ್ನಂತೆಯೇ ಯಾರದೋ ಭಯಕ್ಕೆ ಮದ್ದೆಂದು ಒಂದು ಲೈಟ್ ತಂದವರು, ಎಲ್ಲ ಕಡೆಗೂ ಬೀಳಲಿ ಎಂದವರು.

ಇಲ್ಲಿಂದ ಪ್ರಶ್ನೆ ಬೇರೆಯೇ ಆಗುತ್ತದೆ. ನನಗೆ ನೋವಾದಾಗ ಹಕ್ಕಿನ ಮಾತು ಬರುತ್ತದೆ: ನನ್ನ ನಿದ್ದೆ, ನನ್ನ ಕಿಟಕಿ. ನಾನೇ ನೋವು ಕೊಡುತ್ತಿರುವಾಗ ಏನೂ ತಿಳಿಯುವುದಿಲ್ಲ. ಫೋಕಸ್ ಲೈಟಿನ ಗುಣವೇ ಹಾಗೆ. ಅದರ ಹಿಂದೆ ನಿಂತವರಿಗೆ ಅದು ಎಲ್ಲವನ್ನೂ ತೋರಿಸುತ್ತದೆ, ಅದು ಯಾರ ಕಣ್ಣಿಗೆ ಹೊಡೆಯುತ್ತಿದೆ ಎಂಬುದೊಂದನ್ನು ಬಿಟ್ಟು. ಹಾಗಾದರೆ ದೂರಿನ ಮೇಲೆ ನಿಂತ ಯಾವ ನಿಯಮವೂ ಆ ಅಜ್ಜಿಯನ್ನು ಮುಟ್ಟುವುದಿಲ್ಲ. ದೂರು ಕೊಡುವವರು ಜೋರಿದ್ದವರು, ಓದಿದವರು, ಸ್ವಂತ ಮನೆಯವರು. ಬಾಡಿಗೆಯವರು, ವಯಸ್ಸಾದವರು, ನೆರೆಯ ನಂಟನ್ನು ನಿದ್ದೆಗಿಂತ ದೊಡ್ಡದೆಂದುಕೊಂಡವರು ಸೀರೆ ಮಡಚಿ ಮೊಳೆ ಹೊಡೆಯುತ್ತಾರೆ. ಅವರ ಒಳ್ಳೆಯತನವೇ ಅವರ ನೋವನ್ನು ಮರೆಮಾಡುತ್ತದೆ. ಆದ್ದರಿಂದ ಹೊಣೆ ಶುರುವಾಗಬೇಕಾದ್ದು ಬೆಳಕು ಬಿದ್ದವರಿಂದಲ್ಲ, ಬೆಳಕು ಹಾಕಿದವರಿಂದ.

ಇದು ನಮಗೆ ಹೊಸ ಮಾತೇನಲ್ಲ. ಸೂರಿನ ನೀರಿನ ವಿಷಯದಲ್ಲಿ ನಮ್ಮ ಹಿರಿಯರು ಇದನ್ನೇ ಪಾಲಿಸಿಕೊಂಡು ಬಂದಿದ್ದಾರೆ. ಮನೆ ಕಟ್ಟುವಾಗ ನಮ್ಮ ಸೂರಿನ ಹನಿ ನಮ್ಮ ಜಾಗದಲ್ಲೇ ಬೀಳಬೇಕೆಂದು ಗೋಡೆಯಾಚೆ ಅಷ್ಟು ನೆಲ ಬಿಡುತ್ತಾರೆ. ಮಳೆ ದೇವರು ಕೊಟ್ಟದ್ದು, ನೀರು ಪವಿತ್ರ, ಅದು ಬಿದ್ದರೆ ಒಳ್ಳೆಯದೇ ಎಂದು ಯಾರೂ ವಾದಿಸುವುದಿಲ್ಲ. ಮಳೆ ಎಷ್ಟೇ ಒಳ್ಳೆಯದಾದರೂ ನನ್ನ ಸೂರಿನಿಂದ ಇಳಿದ ಮೇಲೆ ಅದು ನನ್ನ ಹೊಣೆ. ಪಕ್ಕದವರು ಬಂದು ಜಗಳ ತೆಗೆಯುವವರೆಗೆ ಕಾಯುವುದಿಲ್ಲ, ಮೇಸ್ತ್ರಿಯೇ ಮೊದಲು "ನೀರು ಎತ್ತ ಬಿಡೋಣ?" ಎಂದು ಕೇಳುತ್ತಾನೆ. ಬೆಳಕಿಗೂ ಅದೇ ಪ್ರಶ್ನೆ ಸಲ್ಲಬೇಕು. ಎಲೆಕ್ಟ್ರಿಷಿಯನ್ ನನ್ನನ್ನು ಕೇಳಿದ್ದೂ ಅದನ್ನೇ. ತಪ್ಪು ಉತ್ತರ ಕೊಟ್ಟವಳು ನಾನು.

ಸರಿ ಉತ್ತರ ಕೊಡುವುದು ಕಷ್ಟವೂ ಅಲ್ಲ. ದೀಪದ ಮುಖ ನೆಲಕ್ಕಿರಬೇಕು, ಮೇಲೆ ಒಂದು ಮರೆಯಿರಬೇಕು, ಬಣ್ಣ ಹಳದಿಯತ್ತ ಇದ್ದರೆ ಒಳ್ಳೆಯದು, ಬೇಡದ ಹೊತ್ತಿನಲ್ಲಿ ಆರಬೇಕು. ಯಾರಾದರೂ ಓಡಾಡಿದಾಗ ಮಾತ್ರ ಹತ್ತುವ ಸೆನ್ಸರ್ ದೀಪಗಳು ಈಗ ಅಂಗಡಿಗಳಲ್ಲಿ ಸಿಗುತ್ತವೆ. ಇದರಿಂದ ಸುರಕ್ಷತೆ ಕಡಿಮೆಯಾಗುವುದಿಲ್ಲ. ನೇರ ಕಣ್ಣಿಗೆ ಹೊಡೆಯುವ ದೀಪದ ಪಕ್ಕದ ನೆರಳಿನಲ್ಲಿ ನಿಂತವನು ಕಾಣುವುದೇ ಇಲ್ಲ. ನನಗೆ ತಿರುವಿನಲ್ಲಿ ಬೇಕಾದದ್ದು ಕಂಬದ ಎರಡು ದೀಪ ರಿಪೇರಿಯಾಗುವುದು. ನನ್ನ ದಿಂಬಿನ ಮೇಲೆ ಬೆಳಕಲ್ಲ. ನೀಲಿ ಎಲ್‌ಇಡಿ ಕಂಡುಹಿಡಿದವರಿಗೆ 2014ರಲ್ಲಿ ನೊಬೆಲ್ ಬಂತು; ಆ ನೀಲಿಯಿಂದಲೇ ಇವತ್ತಿನ ಅಗ್ಗದ ಬಿಳಿ ದೀಪ ಸಾಧ್ಯವಾದದ್ದು. 2017ರಲ್ಲಿ, ಜೀವಿಗಳ ಒಡಲೊಳಗಿನ ಹಗಲು ರಾತ್ರಿಯ ಗಡಿಯಾರ ಹೇಗೆ ನಡೆಯುತ್ತದೆಂದು ತೋರಿಸಿದವರಿಗೂ ನೊಬೆಲ್ ಬಂತು. ರಾತ್ರಿ ಹೊತ್ತು ಕಣ್ಣಿಗೆ ಬೀಳುವ ಬೆಳಕು, ಅದರಲ್ಲೂ ನೀಲಿ ಹೆಚ್ಚಿರುವ ಬೆಳಕು, ಆ ಗಡಿಯಾರವನ್ನು ಹಿಂದೆಮುಂದೆ ಮಾಡುತ್ತದೆ. ಎರಡು ಪ್ರಶಸ್ತಿಗಳ ನಡುವೆ ಮೂರೇ ವರ್ಷ. ನಾವು ಮೊದಲನೆಯದನ್ನು ಗೋಡೆಗೆ ಹಾಕಿಕೊಂಡೆವು, ಎರಡನೆಯದನ್ನು ಓದಲಿಲ್ಲ.

ಬೇರೆ ಕಡೆ ಇದು ನಿಯಮವಾಗಿದೆ. ಇಂಗ್ಲೆಂಡಿನಲ್ಲಿ 2005ರ ಒಂದು ಕಾಯ್ದೆ ಕೃತಕ ಬೆಳಕನ್ನೂ ಶಾಸನಬದ್ಧ ಉಪದ್ರವಗಳ ಪಟ್ಟಿಗೆ ಸೇರಿಸಿತು. ಸ್ಲೊವೇನಿಯಾ 2007ರಲ್ಲಿ ಇಡೀ ದೇಶಕ್ಕೆ ಬೆಳಕಿನ ಮಿತಿ ಹಾಕಿಕೊಂಡಿತು. ನಮ್ಮಲ್ಲಿ ಲಡಾಖಿನ ಹಾನ್ಲೆಯನ್ನು 2022ರಲ್ಲಿ ಕತ್ತಲ ಆಕಾಶದ ಕಾಯ್ದಿಟ್ಟ ಪ್ರದೇಶವೆಂದು ಘೋಷಿಸಿದರು. ಅಲ್ಲಿ ದೂರದರ್ಶಕಗಳಿವೆ, ನಕ್ಷತ್ರಕ್ಕೆ ಬೆಲೆಯಿದೆ. ದಾವಣಗೆರೆಯಲ್ಲಿ ದೂರದರ್ಶಕವಿಲ್ಲ, ನಿದ್ದೆ ಮಾಡುವ ಲಕ್ಷಾಂತರ ಜನರಿದ್ದಾರೆ. 2016ರಲ್ಲಿ ಸ್ಮಾರ್ಟ್ ಸಿಟಿಗಳ ಮೊದಲ ಪಟ್ಟಿಯ 20 ನಗರಗಳಲ್ಲಿ ಒಂದಾದ ಊರಿದು. ಮನೆ ಕಟ್ಟಲು ಪರವಾನಗಿ ಕೊಡುವಾಗ ಗೋಡೆಯಿಂದ ಎಷ್ಟು ಜಾಗ ಬಿಡಬೇಕು, ಮಳೆನೀರು ಎಲ್ಲಿಗೆ ಹೋಗಬೇಕು ಎಂದು ಕೇಳುವ ಕಾಗದದಲ್ಲೇ, ಹೊರಗಿನ ದೀಪದ ಬೆಳಕು ನಿಮ್ಮ ಗಡಿಯೊಳಗೇ ಬೀಳಬೇಕು ಎಂಬ ಒಂದು ಸಾಲು ಸೇರಿಸುವುದು ಪಾಲಿಕೆಗಾಗಲಿ ನಗರಸಭೆಗಾಗಲಿ ಭಾರವಾಗದು. ದಂಡ ಆಮೇಲಿನ ಮಾತು. ಆ ಸಾಲಿದ್ದರೆ ಎಲೆಕ್ಟ್ರಿಷಿಯನ್ನಿನ ಪ್ರಶ್ನೆಗೆ ಒಂದು ಉತ್ತರ ಸಿಕ್ಕಂತಾಗುತ್ತದೆ. ಸಂಕೋಚದವರಿಗೆ ಬಾಯಿ ತೆರೆಯದೆಯೇ ನ್ಯಾಯ ಸಿಕ್ಕಂತೆಯೂ ಆಗುತ್ತದೆ.

ಆದರೂ ನಿಯಮ ಎಲ್ಲವನ್ನೂ ಬಿಡಿಸುವುದಿಲ್ಲ. ಲೈಟನ್ನು ಕೆಳಗೆ ತಿರುಗಿಸೋಣ ಎಂದಾಗ ಅಮ್ಮ ಒಪ್ಪಲಿಲ್ಲ. "ನೀನು ಅಲ್ಲಿ ಇರ್ತೀಯ. ರಾತ್ರಿ ಸಪ್ಪಳ ಆದ್ರೆ ಎದ್ದು ನೋಡೋಳು ನಾನು" ಎಂದಳು. ದೀಪದ ಕೋನ, ಮರೆ, ಗಡಿ ಎಂದು ನಾನು ಹೇಳಿದ್ದು ಅವಳ ಭಯಕ್ಕೆ ಉತ್ತರವಾಗಿರಲಿಲ್ಲ. ಕೊನೆಗೆ ನಾನು ಅವಳನ್ನು ಹಿತ್ತಲಿಗೆ ಕರೆದು ಆ ಸೀರೆ ತೋರಿಸಿದೆ, ಅಷ್ಟೇ. ಅಮ್ಮ ಬಹಳ ಹೊತ್ತು ನೋಡಿದಳು. ಅಪ್ಪ ಕಾರ್ಖಾನೆಯಲ್ಲಿ ಮೂರನೇ ಪಾಳಿ ಮಾಡುತ್ತಿದ್ದಾಗ ಬೆಳಗ್ಗೆ ಬಂದು ಮಲಗುತ್ತಿದ್ದರು. ಅವರು ಬರುವ ಮೊದಲು ಅಮ್ಮ ಕಿಟಕಿಗೆ ಕರಿ ಕಂಬಳಿ ಕಟ್ಟಿ, ಬಾಗಿಲ ಸಂದಿಗೂ ಬಟ್ಟೆ ತುರುಕಿ, ನಮ್ಮನ್ನು ಹೊರಗೆ ಅಟ್ಟುತ್ತಿದ್ದಳು. ದುಡಿದು ಬಂದ ದೇಹಕ್ಕೆ ಕತ್ತಲೆ ಊಟದಷ್ಟೇ ಬೇಕು ಎಂಬುದನ್ನು ಯಾವ ಪುಸ್ತಕವೂ ಅವಳಿಗೆ ಕಲಿಸಬೇಕಾಗಿರಲಿಲ್ಲ. "ಪಾಪ, ಮೊಳೆ ಬೇರೆ ಹೊಡೆದವ್ರೆ" ಎಂದಷ್ಟೇ ಅಂದು ಒಳಗೆ ಹೋದಳು.

ಮರುದಿನ ಎಣ್ಣೆ ಡಬ್ಬಿಯ ತಗಡು ಕತ್ತರಿಸಿ ಲೈಟಿನ ಮೇಲೆ ಟೋಪಿಯಂತೆ ಕೂರಿಸಿದೆವು. ಮುಖ ನೆಲಕ್ಕೆ ಬಂತು. ಈಗ ಹಿತ್ತಲ ಬಾಗಿಲು, ಮೆಟ್ಟಿಲು, ಬಾವಿಕಟ್ಟೆ ಮೊದಲಿಗಿಂತ ಚೆನ್ನಾಗಿ ಕಾಣುತ್ತವೆ. ಅಮ್ಮನ ಧೈರ್ಯಕ್ಕೆ ಬೇರೊಂದು ಏರ್ಪಾಟಾಯಿತು: ಅವಳ ಮಂಚದ ಪಕ್ಕದ ಸ್ವಿಚ್ ಒತ್ತಿದರೆ ಅಜ್ಜಿಯ ಮನೆಯಲ್ಲಿ ಬೆಲ್ ಹೊಡೆಯುತ್ತದೆ. ಎರಡು ಮನೆಯ ನಡುವೆ ಎರಡು ವರ್ಷ ಬೆಳಕು ಮಾಡುತ್ತಿದ್ದ ಕೆಲಸವನ್ನು ಈಗ ಒಂದು ತಂತಿ ಮಾಡುತ್ತಿದೆ. ಅಜ್ಜಿ ಸೀರೆಯನ್ನು ಇನ್ನೂ ತೆಗೆದಿಲ್ಲ. "ಇರ್ಲಿ, ಸೊಳ್ಳಿ ಬರ್ತಾವ" ಎನ್ನುತ್ತಾರೆ.

ಅಲ್ಲಿಂದ ಹೊರಡುವ ಮೊದಲು ಹರಿಹರೇಶ್ವರನ ಗುಡಿಗೆ ಹೋದೆ. ಹೊಯ್ಸಳರ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ್ದು. ಒಂದೇ ಮೂರ್ತಿಯಲ್ಲಿ ಅರ್ಧ ಹರ, ಅರ್ಧ ಹರಿ. ಅವರ ನಡುವೆ ಕಾಂಪೌಂಡ್ ಇಲ್ಲ. ಗರ್ಭಗುಡಿಯ ಕತ್ತಲೆಗೆ ಕಣ್ಣು ಹೊಂದಿಕೊಂಡ ಮೇಲೆ, ಆರತಿಯ ಬೆಳಕಿನಲ್ಲಿ ಎರಡೂ ಮುಖ ಕಂಡವು. ನೋಡಲು ಎಷ್ಟು ಬೇಕೋ ಅಷ್ಟೇ ಬೆಳಕಿತ್ತು.

ದಾವಣಗೆರೆಗೆ ಬಂದು ಹತ್ತು ದಿನವಾಯಿತು. ಬ್ಯಾಗಿನಲ್ಲಿ ಅಳತೆಗೆ ಕತ್ತರಿಸಿದ ಇನ್ನೊಂದು ತಗಡಿದೆ. ಎದುರುಮನೆಯ ಗೇಟಿನವರೆಗೆ ಎರಡು ಸಲ ಹೋಗಿ ಬಂದಿದ್ದೇನೆ. ಕಾಯ್ದೆಯ ಮಾತು ಆಡುವುದಿಲ್ಲ ಎಂದು ತೀರ್ಮಾನಿಸಿದ್ದೇನೆ. ನಮ್ಮ ಮನೆಯ ಬೆಳಕು ಪಕ್ಕದ ಅಜ್ಜಿಗೆ ಏನು ಮಾಡಿತು ಎಂಬ ಕಥೆಯನ್ನು ಮೊದಲು ಹೇಳಿ, ಆಮೇಲೆ ತಗಡು ತೋರಿಸಬೇಕು ಎಂದುಕೊಂಡಿದ್ದೇನೆ. ಈ ಭಾನುವಾರ ಹೋಗುತ್ತೇನೆ.